ಗಸಗಸೆ ಪಾಯಸ ಮತ್ತು ಟೆನ್ ಪ್ಯಾನೆಲ್ ಟೆಸ್ಟ್

ಐಟಿಯಲ್ಲಿ ಕೆಲಸ ಮಾಡುವ ಯಾರಿಗೂ ಬಿಜಿವಿ (ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಅಂದರೆ ಪೂರ್ವಾಪರ ತಪಾಸಣೆ) ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಮಾರ್ಕ್ಸ್ ಕಾರ್ಡು, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್, ಮನೆ ವಿಳಾಸ, ಪೊಲೀಸ್ ದಾಖಲೆ ಎಲ್ಲವನ್ನೂ ಹೊರಗಿನ ಏಜೆನ್ಸಿಯೊಂದು ಜಾಲಾಡಿ, ಕೊನೆಗೆ ಹಸಿರೋ ಹಳದಿಯೋ ಕೆಂಪೋ ಬಣ್ಣದ ಒಂದು ವರದಿ ಕಳಿಸುತ್ತದೆ. ಕ್ಲೈಂಟು ಅಮೆರಿಕದ ಬ್ಯಾಂಕೋ ವಿಮಾ ಕಂಪನಿಯೋ ಆಗಿದ್ದರೆ ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ: ಡ್ರಗ್ ಟೆಸ್ಟ್, ಟೆನ್ ಪ್ಯಾನೆಲ್. ಅಂದರೆ ಮೂತ್ರದಲ್ಲಿ ಹತ್ತು ಬಗೆಯ ಮಾದಕ ವಸ್ತುಗಳ ಹುಡುಕಾಟ. ಇಂಥ ಪ್ರಾಜೆಕ್ಟುಗಳಿಗೆ ಜನರನ್ನು ಹೊಂದಿಸಿಕೊಡುವ ಕೆಲಸದಲ್ಲಿ ನಾನು ವರ್ಷಗಳಿಂದ ಇದ್ದೇನೆ. ಜೆ.ಪಿ. ನಗರದ ಕುರ್ಚಿಯೊಂದರಲ್ಲಿ ಕೂತು ದೂರದ ಬ್ಯಾಂಕೊಂದರ ಬಡ್ಡಿ ಲೆಕ್ಕದ ಪ್ರೋಗ್ರಾಂ ಬರೆಯುವವರ ಮೂತ್ರದಲ್ಲಿ ಏನಿದೆ ಅನ್ನುವುದು ಯಾರಿಗೆ ಬೇಕು, ಯಾಕೆ ಬೇಕು ಅನ್ನುವ ಪ್ರಶ್ನೆ ಇತ್ತೀಚೆಗೆ ನನ್ನನ್ನು ಬಿಡದೆ ಕಾಡುತ್ತಿದೆ. ಕಾಡುವುದಕ್ಕೆ ಒಬ್ಬ ಹುಡುಗಿಯ ಕೆಂಪು ವರದಿ ಕಾರಣ.

ಮದುವೆ ಸೀಸನ್ನಿನ ಒಂದು ಸೋಮವಾರ ಹೊಸ ಟೀಮಿನ ಹುಡುಗ ಹುಡುಗಿಯರೆಲ್ಲ ಒಟ್ಟಿಗೆ ಲ್ಯಾಬಿಗೆ ಹೋಗಿದ್ದೆವು. ನನ್ನ ಟೆಸ್ಟೂ ಬಾಕಿಯಿತ್ತು. ಮೆಡಿಕಲ್ ಶಾಪಿನ ಮೇಲಿನ ಮಹಡಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ನೋಡಿಸಲು ಬಂದ ವಯಸ್ಸಾದವರು ಸಾಲಾಗಿ ಕೂತಿದ್ದರು. ಕೌಂಟರಿನ ಹುಡುಗ ಎದ್ದು ನಿಂತು, 'ಡ್ರಗ್ ಟೆಸ್ಟ್‌ನವರು ಯಾರು? ಈ ಕಡೆ ಬನ್ನಿ' ಎಂದು ಗಟ್ಟಿಯಾಗಿ ಕೂಗಿದ. ಅಷ್ಟೂ ತಲೆಗಳು ನಮ್ಮತ್ತ ತಿರುಗಿದವು. ಇಂಗ್ಲಿಷಿನಲ್ಲಿ ಒತ್ತೊತ್ತಾಗಿ ಅಚ್ಚಾದ ಒಪ್ಪಿಗೆ ಪತ್ರ ಕೊಟ್ಟು, ಇಲ್ಲಿ, ಇಲ್ಲಿ, ಇಲ್ಲಿ ಎಂದು ಸಹಿ ಹಾಕಿಸಿಕೊಂಡರು. ಯಾವ ಮಾತ್ರೆ ತಗೊಳ್ತೀರಿ ಅನ್ನುವುದಕ್ಕೆ ಒಂದು ಖಾನೆ ಇತ್ತು. ಏನು ಉಂಡು ಬಂದಿರಿ ಅನ್ನುವುದಕ್ಕೆ ಇರಲಿಲ್ಲ. ಟಾಯ್ಲೆಟ್ಟಿನ ಬಾಗಿಲಿಗೆ ಒಳಗಿನ ಚಿಲಕವನ್ನೇ ತೆಗೆದಿದ್ದರು. ಹುಡುಗಿಯರ ಸರದಿ ಬಂದಾಗ ಆಯಾ ಒಬ್ಬರು ಹೊರಗೆ ನಿಂತು, 'ಬಾಗ್ಲು ಪೂರ್ತಿ ಹಾಕ್ಬೇಡಮ್ಮ, ನಂಗೆ ಹಂಗೇ ಹೇಳಿದಾರೆ' ಎಂದು ತಾವೇ ಮುಜುಗರ ಪಟ್ಟುಕೊಂಡು ಹೇಳುತ್ತಿದ್ದರು. ಇಂಜಿನಿಯರಿಂಗ್ ಮುಗಿಸಿ, ಮೊದಲ ಸಂಬಳ ನೋಡಿ ಇನ್ನೂ ವರ್ಷ ತುಂಬದ ಮಕ್ಕಳು ಮುಚ್ಚಳದ ಡಬ್ಬಿಯನ್ನು ಕರ್ಚೀಫಿನಲ್ಲಿ ಮರೆಮಾಡಿಕೊಂಡು ಹೊರಗೆ ಬರುವುದನ್ನು ನೋಡುತ್ತ ಕೂತಿದ್ದೆ.

ಎರಡು ದಿನ ಬಿಟ್ಟು ಒಬ್ಬಳ ವರದಿ ಕೆಂಪಾಗಿ ಬಂತು. ಓಪಿಯೇಟ್ಸ್ (ಅಫೀಮಿನ ಜಾತಿಯ ಮಾದಕಗಳು) ಸಾಲಿನ ಮುಂದೆ 'ನಾನ್ ನೆಗೆಟಿವ್'. ಫೋನ್ ಮಾಡಿದೆ. ಅಷ್ಟರಲ್ಲಿ ಅವಳು ರಾತ್ರಿಯೆಲ್ಲ ಹುಡುಕಿ ಓದಿ ಕಾರಣ ತಾನೇ ಪತ್ತೆ ಮಾಡಿಕೊಂಡಿದ್ದಳು. 'ಸರ್, ಭಾನುವಾರ ಚನ್ನರಾಯಪಟ್ಟಣದಲ್ಲಿ ನಮ್ಮಕ್ಕನ ಮದ್ವೆ ಇತ್ತು. ಗಸಗಸೆ ಪಾಯಸ ಮಾಡ್ಸಿದ್ರು. ಎರಡು ಲೋಟ ಕುಡ್ದಿದ್ದೆ ಸರ್, ಅಷ್ಟೇ.' ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಪ್ಪ ಸ್ಕೂಲ್ ಮೇಷ್ಟ್ರು. ಅವರಿಗೆ ಏನಂತ ಹೇಳ್ಲಿ ಸರ್?' ಅಂದಳು. ಕೆಲಸ ಹೋಗುತ್ತದೆಯೇ ಎಂದು ಅವಳು ಮೊದಲು ಕೇಳಲಿಲ್ಲ. ಕೇಳಿದ್ದು ಅಪ್ಪನ ವಿಷಯ.

ಪಾಯಸ ಕುಡಿದರೆ ಕಣ್ಣು ಎಳೆಯುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ನಿಜವೋ ಊಟದ ಭಾರವೋ, ಅದು ಬೇರೆ ಮಾತು. ಗಸಗಸೆ ಬರುವುದು ಅಫೀಮಿನ ಗಿಡದ ಕಾಯಿಯಿಂದಲೇ. ಕಾಳಿನೊಳಗೆ ಮಾರ್ಫಿನ್ ಅಂಶ ಬಲು ಕಡಿಮೆ. ಕಾಯಿಯ ಹಾಲು ಕಾಳಿನ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಯಾವ ಹೊಲದ್ದು, ಹೇಗೆ ಕೊಯ್ದದ್ದು, ಎಷ್ಟು ತೊಳೆದದ್ದು, ಎಷ್ಟು ಹುರಿದದ್ದು ಅನ್ನುವುದರ ಮೇಲೆ ಅದು ಹೆಚ್ಚು ಕಮ್ಮಿಯಾಗುತ್ತದೆ. ಬ್ರೆಡ್ಡಿನ ಮೇಲೆ ಉದುರಿಸಿದ ಒಂದಿಷ್ಟು ಕಾಳು ತಿಂದವರೇ ಅಮೆರಿಕದಲ್ಲಿ ಪಾಸಿಟಿವ್ ಬಂದದ್ದುಂಟು. ನಾವು ಅದನ್ನೇ ಮುಖ್ಯ ಪದಾರ್ಥ ಮಾಡಿ, ನುಣ್ಣಗೆ ರುಬ್ಬಿ, ಲೋಟಗಟ್ಟಲೆ ಕುಡಿಯುವ ಜನ. ಈ ತೊಂದರೆ ಗೊತ್ತಾದ ಮೇಲೆಯೇ ಅಮೆರಿಕದ ಸರ್ಕಾರ 1998ರಲ್ಲಿ ತನ್ನ ಪರೀಕ್ಷೆಗಳಲ್ಲಿ ಓಪಿಯೇಟ್ಸ್ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2000ಕ್ಕೆ ಏರಿಸಿತು. ಆದರೆ ಪೇಟೆಯಲ್ಲಿ 300ರ ಕಿಟ್ಟೂ ಸಿಗುತ್ತದೆ, 2000ದ ಕಿಟ್ಟೂ ಸಿಗುತ್ತದೆ. ನಮ್ಮ ಲ್ಯಾಬಿನವರು ಬಳಸಿದ್ದು 300ರದ್ದು. ಅದೇ ಡಬ್ಬಿಯ ಅದೇ ಮೂತ್ರ 2000ದ ಕಿಟ್ಟಿನ ಮೇಲೆ ಬಿದ್ದಿದ್ದರೆ ಹಸಿರಾಗುವ ಸಾಧ್ಯತೆಯೇ ಹೆಚ್ಚಿತ್ತು.

ಮರುಪರೀಕ್ಷೆ ಮಾಡಿಸಿ ಎಂದು ಪಟ್ಟು ಹಿಡಿದೆ. ಮೊದಲ ಸ್ಯಾಂಪಲ್ ಚೆಲ್ಲಿಯಾಗಿದೆ ಎಂದರು. ಅವಳು ತನ್ನ ಖರ್ಚಿನಲ್ಲೇ ಇನ್ನೊಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ನೆಗೆಟಿವ್ ವರದಿ ತಂದಳು. ಈ ನಡುವೆ ದಿನಗಳು ಕಳೆದಿವೆ, ಎರಡನೇ ಸ್ಯಾಂಪಲ್‌ಗೆ ಪಾಲಿಸಿಯಲ್ಲಿ ಅವಕಾಶವಿಲ್ಲ ಎಂದು ಏಜೆನ್ಸಿ ಕೈ ತೊಳೆದುಕೊಂಡಿತು. ಅವಳನ್ನು ಬೆಂಚಿಗೆ ಹಾಕಿದರು, ಅಂದರೆ ಯಾವ ಪ್ರಾಜೆಕ್ಟೂ ಕೊಡದೆ ಕೂರಿಸಿದರು. ಮುಂದೆ ಡ್ರಗ್ ಟೆಸ್ಟ್ ಕೇಳದ ಕ್ಲೈಂಟಿನ ಪ್ರಾಜೆಕ್ಟೊಂದು ಸಿಕ್ಕಿತು. ಕೆಲಸ ಉಳಿಯಿತು. ಆದರೆ ಆ ಕೆಂಪು ಸಾಲು ಯಾವ ಯಾವ ಫೋಲ್ಡರಿನಲ್ಲಿ ಉಳಿದಿದೆ ಎಂದು ಅವಳಿಗೆ ಹೇಳಬಲ್ಲವರು ಯಾರೂ ಇಲ್ಲ.

ಎಲ್ಲಿಂದ ಬಂತು ಇದು

ಇದರ ಬೇರು ಎಂಬತ್ತರ ದಶಕದ ಅಮೆರಿಕದಲ್ಲಿದೆ. 1981ರ ಮೇ 26ರ ರಾತ್ರಿ ಫ್ಲಾರಿಡಾ ಕರಾವಳಿಯಾಚೆ ನಿಮಿಟ್ಸ್ ಎಂಬ ಯುದ್ಧನೌಕೆಯ ಡೆಕ್ ಮೇಲೆ ಇಳಿಯುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ 14 ಜನ ಸತ್ತರು. ಸತ್ತ ಡೆಕ್ ಸಿಬ್ಬಂದಿಯಲ್ಲಿ ಕೆಲವರ ದೇಹದಲ್ಲಿ ಗಾಂಜಾ ಅಂಶ ಸಿಕ್ಕಿತು. ದೇಶವೆಲ್ಲ ಆ ಸುದ್ದಿಯಿಂದ ಹೊತ್ತಿಕೊಂಡಿತು, ಸೇನೆಯಲ್ಲಿ ಕಡ್ಡಾಯ ಪರೀಕ್ಷೆ ಬಿಗಿಯಾಯಿತು. ವಿಮಾನ ನಡೆಸುತ್ತಿದ್ದವನ ದೇಹದಲ್ಲಿ ಸಿಕ್ಕಿದ್ದು ಮಾತ್ರ ನೆಗಡಿಯ ಔಷಧಿ, ಅದೂ ತೆಗೆದುಕೊಳ್ಳಬೇಕಾದ ಪ್ರಮಾಣಕ್ಕಿಂತ ಹಲವು ಪಟ್ಟು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಔಷಧಿ ಅದು. ಅದರ ಬಗ್ಗೆ ಯಾರೂ ಸಮರ ಸಾರಲಿಲ್ಲ. 1986ರಲ್ಲಿ ಅಧ್ಯಕ್ಷ ರೇಗನ್ ಕೇಂದ್ರ ಸರ್ಕಾರಿ ನೌಕರರ ಕೆಲಸದ ಜಾಗ ಮಾದಕ ಮುಕ್ತವಾಗಬೇಕೆಂದು ಆದೇಶ ಹೊರಡಿಸಿದರು.

ಮರುವರ್ಷ ಜನವರಿ 4ರಂದು ಮೇರಿಲ್ಯಾಂಡಿನ ಚೇಸ್ ಎಂಬಲ್ಲಿ ಆದ ರೈಲು ದುರಂತ ಈ ವಾದಕ್ಕೆ ಪೂರ್ಣ ಬಲ ಕೊಟ್ಟಿತು. ಕಾನ್‌ರೇಲ್ ಸಂಸ್ಥೆಯ ಖಾಲಿ ಇಂಜಿನ್ನುಗಳು ಕೆಂಪು ಸಿಗ್ನಲ್ ದಾಟಿ ಮುಖ್ಯ ಹಳಿಗೆ ಬಂದವು, ವೇಗವಾಗಿ ಬರುತ್ತಿದ್ದ ಆಮ್‌ಟ್ರ್ಯಾಕ್ ಪ್ರಯಾಣಿಕರ ಗಾಡಿ ಅವಕ್ಕೆ ಗುದ್ದಿತು. 16 ಜನ ಸತ್ತರು. ಇಂಜಿನ್ ಚಾಲಕ ಗಾಂಜಾ ಸೇದಿದ್ದ. ಅವನೇ ಒಪ್ಪಿಕೊಂಡ, ಜೈಲಿಗೂ ಹೋದ. ಇದನ್ನು ನಾನು ಹಗುರ ಮಾಡುವುದಿಲ್ಲ. ಆ ಗಾಡಿಯಲ್ಲಿ ಹಬ್ಬದ ರಜೆ ಮುಗಿಸಿ ಊರಿಗೆ ಮರಳುತ್ತಿದ್ದ ಕಾಲೇಜು ಮಕ್ಕಳಿದ್ದರು. ಆದರೆ ತನಿಖೆಯಲ್ಲಿ ಹೊರಬಿದ್ದ ಉಳಿದದ್ದನ್ನೂ ಓದಬೇಕು. ಚಾಲಕನನ್ನು ಎಚ್ಚರಿಸುವ ಸೀಟಿಗೆ ಟೇಪ್ ಸುತ್ತಿ ಸದ್ದಡಗಿಸಿದ್ದರು. ಕ್ಯಾಬಿನೊಳಗಿನ ಸಿಗ್ನಲ್ ದೀಪದ ಒಂದು ಬಲ್ಬೇ ಇರಲಿಲ್ಲ. ಹೊರಡುವ ಮುಂಚೆ ಮಾಡಬೇಕಿದ್ದ ತಪಾಸಣೆ ಸರಿಯಾಗಿ ಆಗಿರಲಿಲ್ಲ. ಸಿಗ್ನಲ್ ಮೀರಿದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಆ ಇಂಜಿನ್ನುಗಳಲ್ಲಿ ಇರಲಿಲ್ಲ. ಮುಂದೆ ಆ ವ್ಯವಸ್ಥೆಯೂ ಬಂತು, ಚಾಲಕರಿಗೆ ಲೈಸೆನ್ಸ್ ನಿಯಮವೂ ಬಂತು. 1991ರಲ್ಲಿ ರೈಲು, ವಿಮಾನ, ಲಾರಿ, ಬಸ್ಸು ನಡೆಸುವವರಿಗೆಲ್ಲ ಪರೀಕ್ಷೆ ಕಡ್ಡಾಯ ಮಾಡುವ ಕಾನೂನೂ ಬಂತು. ಜನರ ನೆನಪಿನಲ್ಲಿ ಉಳಿದದ್ದು ಗಾಂಜಾ ಮಾತ್ರ.

ಈ ಜಗಳ ಅಲ್ಲಿನ ಸುಪ್ರೀಂ ಕೋರ್ಟಿಗೂ ಹೋಯಿತು. 1989ರ ಮಾರ್ಚಿನಲ್ಲಿ ಒಂದೇ ದಿನ ಎರಡು ತೀರ್ಪು ಬಂದವು. ಒಂದು ಅಪಘಾತದ ನಂತರ ರೈಲ್ವೆ ಸಿಬ್ಬಂದಿಯ ರಕ್ತ, ಮೂತ್ರ ಪರೀಕ್ಷಿಸುವ ನಿಯಮದ ಬಗ್ಗೆ. ಇನ್ನೊಂದು ಕಸ್ಟಮ್ಸ್ ಇಲಾಖೆಯಲ್ಲಿ ಕೆಲವು ಹುದ್ದೆಗೆ ಬಡ್ತಿ ಬೇಕಾದರೆ ಮೂತ್ರ ಕೊಡಬೇಕೆಂಬ ನಿಯಮದ ಬಗ್ಗೆ. ಕೋರ್ಟು ಎರಡನ್ನೂ ಎತ್ತಿ ಹಿಡಿಯಿತು. ನನಗೆ ಮುಖ್ಯವಾಗಿ ಕಂಡದ್ದು ನ್ಯಾಯಮೂರ್ತಿ ಸ್ಕಾಲಿಯಾ ನಿಂತ ಜಾಗ. ಅವರು ಸಂಪ್ರದಾಯವಾದಿ, ಕೈದಿಗಳ ಪರ ಕಣ್ಣೀರಿಡುವವರಲ್ಲ. ರೈಲಿನ ವಿಷಯದಲ್ಲಿ ಅವರು ಬಹುಮತದ ಜೊತೆಗಿದ್ದರು, ಯಾಕೆಂದರೆ ಅಲ್ಲಿ ಕುಡಿತ, ಮಾದಕ ವಸ್ತುಗಳಿಂದ ಅಪಘಾತವಾದ ದಾಖಲೆ ಕಣ್ಣೆದುರಿಗಿತ್ತು. ಕಸ್ಟಮ್ಸ್ ವಿಷಯದಲ್ಲಿ ಭಿನ್ನಮತ ಬರೆದರು. ಅಂಥ ಒಂದು ಉದಾಹರಣೆಯೂ ಇಲ್ಲದೆ, ಬರೀ ತೋರಿಕೆಗಾಗಿ ಜನರ ಮರ್ಯಾದೆಯನ್ನು ಒತ್ತೆಯಿಡುವುದು ಸಲ್ಲದು ಅನ್ನುವುದು ಅವರ ವಾದದ ತಿರುಳು. 1997ರಲ್ಲಿ ಜಾರ್ಜಿಯಾ ರಾಜ್ಯ ಚುನಾವಣೆಗೆ ನಿಲ್ಲುವವರೂ ಡ್ರಗ್ ಟೆಸ್ಟ್ ಕೊಡಬೇಕೆಂದಾಗ ಅದೇ ಕೋರ್ಟು ಎಂಟಕ್ಕೆ ಒಂದರ ಬಹುಮತದಿಂದ ಆ ಕಾನೂನನ್ನು ಹೊಡೆದುಹಾಕಿತು. ಅಭ್ಯರ್ಥಿಗಳ ವಿಷಯದಲ್ಲಿ ತೋರಿಕೆ ಸಾಲದಾಯಿತು. ಗುಮಾಸ್ತರ ವಿಷಯದಲ್ಲಿ ಯಾಕೆ ಸಾಕಾಗಬೇಕು?

ಇನ್ನೊಂದು ಸಂಗತಿ ತಿಳಿದ ದಿನ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಖಾಸಗಿ ಕಂಪನಿಗಳವರು ಮಾತೆತ್ತಿದರೆ ಹೇಳುವ 1988ರ ಡ್ರಗ್ ಫ್ರೀ ವರ್ಕ್‌ಪ್ಲೇಸ್ ಕಾಯ್ದೆ ಕೇಂದ್ರ ಸರ್ಕಾರದ ಗುತ್ತಿಗೆ, ಅನುದಾನ ಪಡೆಯುವವರಿಗೆ ಅನ್ವಯಿಸುತ್ತದೆ. ಅದು ನೀತಿ ಬರೆದಿಡಿ, ನೌಕರರಿಗೆ ತಿಳಿಸಿ ಅನ್ನುತ್ತದೆ. ಮೂತ್ರ ಪರೀಕ್ಷೆ ಮಾಡಲೇಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ಬೆಂಗಳೂರಿನ ಲ್ಯಾಬಿನ ಮುಂದೆ ನಮ್ಮ ಮಕ್ಕಳು ನಿಲ್ಲುವುದು ಯಾವ ಕಾನೂನಿನ ಬಲದಿಂದಲೂ ಅಲ್ಲ. ಯಾವುದೋ ಹಳೆಯ ಒಪ್ಪಂದದ ಅನುಬಂಧವನ್ನು ಹೊಸದಕ್ಕೆ ಹಾಗೇ ಅಂಟಿಸಿಕೊಂಡು ಬಂದಿರುವುದರಿಂದ.

ಮಾವ ಊದಿದ್ದು

ಹಾಗಾದರೆ ಪರೀಕ್ಷೆಯೇ ಬೇಡವೇ? ಬೇಡ ಎಂದು ನನ್ನಿಂದ ಹೇಳಲಾಗುವುದಿಲ್ಲ. ನಮ್ಮ ಸೋದರಮಾವ ರೈಲ್ವೆಯಲ್ಲಿ ಲೋಕೋ ಪೈಲಟ್ ಆಗಿದ್ದರು. ಒಮ್ಮೆ ಮೈಸೂರಿನಲ್ಲಿ ನಡುರಾತ್ರಿ ದಾಟಿದ ಮೇಲೆ ಅವರನ್ನು ಸ್ಕೂಟರಿನಲ್ಲಿ ಡ್ಯೂಟಿಗೆ ಬಿಡಲು ಹೋಗಿ ಚಾಲಕರು ಹಾಜರಿ ಹಾಕುವ ಲಾಬಿಯ ಬಾಗಿಲಲ್ಲಿ ನಿಂತಿದ್ದೆ. ಮಾವ ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟು, ಯಂತ್ರದ ಕೊಳವೆಗೆ ಬಾಯಿಟ್ಟು ಉದ್ದಕ್ಕೆ ಊದಿದರು. ಬೀಪ್ ಎಂದಿತು. ಸೊನ್ನೆ. ಹಿಂದೆ ನಿಂತಿದ್ದ ಅಸಿಸ್ಟೆಂಟ್ ಹುಡುಗನೂ ಊದಿದ. ದಾರಿಯಲ್ಲಿ ಎಲ್ಲೆಲ್ಲಿ ನಿಧಾನಿಸಬೇಕು ಎಂದು ತಿಳಿಸುವ ಕಾಷನ್ ಆರ್ಡರಿನ ಹಾಳೆ ತೆಗೆದುಕೊಂಡು, ಕನ್ನಡಕ ಏರಿಸಿ ಓದಿ, ಮಡಿಸಿ ಜೇಬಿಗಿಟ್ಟರು. ಒಂದೆರಡು ನಿಮಿಷದ ಕೆಲಸ. ಡ್ಯೂಟಿ ಮುಗಿಸಿ ಇಳಿದ ಮೇಲೂ ಹೀಗೇ ಊದಬೇಕು.

ಮುಂದೊಂದು ದಿನ ಕೇಳಿದ್ದೆ, 'ಬೇಜಾರಾಗಲ್ವಾ ಮಾವ? ಅಷ್ಟು ವರ್ಷ ಸರ್ವಿಸ್ ಆದೋರನ್ನ ದಿನಾ ಹಿಂಗೆ ಊದ್ಸೋದು?'

'ಯಾಕೋ ಬೇಜಾರು? ಹಿಂದೆ ಇಪ್ಪತ್ತು ಬೋಗಿ ಜನ ನಿದ್ದೆ ಮಾಡ್ತಿರ್ತಾರೆ. ಊದ್ಸಲಿ ಬಿಡು' ಎಂದರು. ಎಲೆ ಅಡಿಕೆ ಮಡಿಸುತ್ತ ಮುಂದುವರಿಸಿದರು. 'ಕುಡ್ದಿದೀಯಾ ಅಂತ ಆ ಮಿಷನ್ನು ಕೇಳತ್ತೆ. ನಿದ್ದೆ ಆಯ್ತಾ ಅಂತ ಕೇಳಲ್ಲ ನೋಡು. ಬೇಜಾರು ಅಂದ್ರೆ ಅದೇ.'

ಆ ಮಾತನ್ನು ಆಮೇಲೆ ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಮಾವ ಊದಿದ ಪರೀಕ್ಷೆಗೂ ಆ ಹುಡುಗಿ ಕೊಟ್ಟ ಪರೀಕ್ಷೆಗೂ ಇರುವ ಅಂತರ ಕಡ್ಡಾಯ ಅನ್ನುವುದರಲ್ಲಿ ಇಲ್ಲ, ಎರಡೂ ಕಡ್ಡಾಯವೇ. ಉಸಿರು ಈ ಕ್ಷಣದ ಮಾತು ಹೇಳುತ್ತದೆ. ಇನ್ನು ಹತ್ತು ನಿಮಿಷದಲ್ಲಿ ಈ ಮನುಷ್ಯ ಗಾಡಿ ಹತ್ತಬಹುದೇ, ಅಷ್ಟೇ. ಮೂತ್ರ ಹೇಳುವುದು ಕಳೆದ ದಿನಗಳ ಕಥೆ. ಗಾಂಜಾದ ಅಮಲು ಕೆಲವು ಗಂಟೆಯಲ್ಲಿ ಇಳಿದುಹೋಗುತ್ತದೆ, ಅದರ ಅವಶೇಷ ದಿನಗಟ್ಟಲೆ, ದಿನಾ ಸೇದುವವರಲ್ಲಿ ವಾರಗಟ್ಟಲೆ ಮೂತ್ರದಲ್ಲಿ ಉಳಿಯುತ್ತದೆ. ಕೊಕೇನಿನದು ಎರಡು ಮೂರು ದಿನದಲ್ಲಿ ಹೋಗುತ್ತದೆ. ಹಿಂದಿನ ರಾತ್ರಿ ಕಂಠಪೂರ್ತಿ ಕುಡಿದವನ ಬಗ್ಗೆ ಟೆನ್ ಪ್ಯಾನೆಲ್ಲು ಬಹುಮಟ್ಟಿಗೆ ಏನನ್ನೂ ಹೇಳುವುದಿಲ್ಲ. ದಿನಾ ಗಾಂಜಾ ಸೇದುತ್ತಿದ್ದು ಹದಿನೈದು ದಿನದ ಹಿಂದೆ ಬಿಟ್ಟವನು ಸಿಕ್ಕಿಬೀಳಬಹುದು, ಶುಕ್ರವಾರ ರಾತ್ರಿ ಅದಕ್ಕಿಂತ ಅಪಾಯಕಾರಿಯಾದುದನ್ನು ತೆಗೆದುಕೊಂಡವನು ಬುಧವಾರದ ಹೊತ್ತಿಗೆ ಶುದ್ಧ. ಹೋಳಿಯ ದಿನ ಉತ್ತರದ ಸ್ನೇಹಿತರ ಮನೆಯಲ್ಲಿ ಕುಡಿದ ಭಂಗಿ ಪಾನಕಕ್ಕೂ ಗಾಂಜಾಕ್ಕೂ ಈ ಪರೀಕ್ಷೆಗೆ ವ್ಯತ್ಯಾಸ ತಿಳಿಯದು. ಮಾದಕ ವಸ್ತುಗಳ ಬಗೆಗಿನ 1985ರ ನಮ್ಮ ಎನ್‌ಡಿಪಿಎಸ್ ಕಾಯ್ದೆಯೇ ಗಾಂಜಾದ ವ್ಯಾಖ್ಯೆಯಿಂದ, ಭಂಗಿ ಮಾಡುವ ಬರೀ ಎಲೆಯನ್ನು ಹೊರಗಿಟ್ಟಿದೆ.

ಉಸಿರಿನ ಯಂತ್ರವೂ ತಪ್ಪುತ್ತದೆ, ನಿಜ. 2025ರ ಜುಲೈನಲ್ಲಿ ಕೇರಳದ ಪಂದಳಂ ಬಸ್ ಡಿಪೊದಲ್ಲಿ ಕುಡಿಯದ ಚಾಲಕರು ಊದಿದಾಗ ಯಂತ್ರ ಕೂಗಿಕೊಂಡಿತು. ಕಾರಣ ಹುಡುಕಿದರೆ ಬೆಳಗ್ಗೆ ಎಲ್ಲರೂ ತಿಂದಿದ್ದ ಚೆನ್ನಾಗಿ ಹಣ್ಣಾದ ಹಲಸು. ಮೊದಲು ಊದಿ ಸರಿಯಿದ್ದವರು ಹಲಸಿನ ತೊಳೆ ತಿಂದು ಮತ್ತೆ ಊದಿ ನೋಡಿದರು, ಸಂಗತಿ ಅಲ್ಲೇ ಬಯಲಾಯಿತು. ಬಾಯಿ ಮುಕ್ಕಳಿಸಿ ಸ್ವಲ್ಪ ಹೊತ್ತು ಕಾದು ಮತ್ತೆ ಊದುವ ಅವಕಾಶ ಅಲ್ಲಿದೆ. ಚನ್ನರಾಯಪಟ್ಟಣದ ಹುಡುಗಿಗೆ ಆ ಅವಕಾಶ ಇರಲಿಲ್ಲ.

ಟೆಸ್ಟ್ ಬಂತು, ಅದರ ಜೊತೆಗಿದ್ದದ್ದು ಬರಲಿಲ್ಲ

ಅಮೆರಿಕದ ಸಾರಿಗೆ ಇಲಾಖೆಯ ಪರೀಕ್ಷಾ ನಿಯಮಗಳನ್ನು ಓದಿದವರಿಗೆ ಇನ್ನೂ ಹೆಚ್ಚು ನೋವಾಗುತ್ತದೆ. ಅಲ್ಲೂ ಮುಜುಗರ ಬೇಕಾದಷ್ಟಿದೆ. ಜೇಬು ಖಾಲಿ ಮಾಡಬೇಕು, ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಕೊಟ್ಟ ನಾಲ್ಕು ನಿಮಿಷದೊಳಗೆ ಮೂತ್ರದ ಬಿಸಿ ಅಳೆಯುತ್ತಾರೆ. ಮೂತ್ರ ಬಾರದಿದ್ದರೆ ನೀರು ಕೊಟ್ಟು ಮೂರು ಗಂಟೆ ಕೂರಿಸುತ್ತಾರೆ. ಆದರೆ ಕಾರ್ಮಿಕ ಸಂಘಗಳು ವರ್ಷಗಟ್ಟಲೆ ಬಡಿದಾಡಿದ ಫಲವೂ ಅದರಲ್ಲಿದೆ. 45 ಮಿಲಿಲೀಟರು ತೆಗೆದುಕೊಂಡು, ಕೊಟ್ಟವರ ಕಣ್ಣೆದುರಿಗೇ 30 ಮತ್ತು 15ರ ಎರಡು ಬಾಟಲಿಗೆ ಹಾಕಿ ಸೀಲ್ ಮಾಡಿ ಸಹಿ ಹಾಕಿಸುತ್ತಾರೆ. ಪಾಸಿಟಿವ್ ಬಂದರೆ 72 ಗಂಟೆಯೊಳಗೆ ಎರಡನೇ ಬಾಟಲಿಯನ್ನು ಬೇರೊಂದು ಲ್ಯಾಬಿಗೆ ಕಳಿಸಿ ಎಂದು ಕೇಳಬಹುದು. ಕಂಪನಿಗೆ ವರದಿ ಹೋಗುವ ಮುಂಚೆ ಮೆಡಿಕಲ್ ರಿವ್ಯೂ ಆಫೀಸರ್ ಎಂಬ ವೈದ್ಯರು ಆ ವ್ಯಕ್ತಿಯೊಡನೆ ಮಾತಾಡಿ ಕಾರಣ ಕೇಳುತ್ತಾರೆ. ಮಾರ್ಫಿನ್ ಅಥವಾ ಕೊಡೀನ್ 15,000 ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ, ಅಕ್ರಮ ಬಳಕೆಯ ವೈದ್ಯಕೀಯ ಗುರುತು ತಮಗೇ ಕಾಣದ ಹೊರತು ಆ ವೈದ್ಯರು ಅದನ್ನು ಪಾಸಿಟಿವ್ ಎಂದು ಬರೆಯುವಂತಿಲ್ಲ.

ನಮ್ಮಲ್ಲಿಗೆ ಬಂದದ್ದು ಡಬ್ಬಿ, ಒಪ್ಪಿಗೆ ಪತ್ರ, ಕೆಂಪು ಹಸಿರು ಬಣ್ಣ. ಆ ಎರಡನೇ ಬಾಟಲಿ ಬರಲಿಲ್ಲ, ಫೋನ್ ಮಾಡಿ 'ಏನಮ್ಮ, ಏನು ತಿಂದಿದ್ದೆ' ಎಂದು ಕೇಳುವ ವೈದ್ಯರು ಬರಲಿಲ್ಲ. ಖಾಸಗಿ ಕಚೇರಿಗಳಲ್ಲಿ ಇಂಥ ಪರೀಕ್ಷೆ ಹೀಗೇ ನಡೆಯಬೇಕು ಎಂದು ವಿಧಿಸುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ವಿಮಾನಯಾನದಲ್ಲಿ ಇದೆ. 2022ರ ಜನವರಿ 31ರಿಂದ ಪೈಲಟ್‌ಗಳು, ಏರ್ ಟ್ರಾಫಿಕ್ ಕಂಟ್ರೋಲರ್‌ಗಳು ಮೊದಲಾದವರನ್ನು ವರ್ಷಕ್ಕೆ ಕನಿಷ್ಠ ಶೇ. 10ರಷ್ಟಾದರೂ ಪರೀಕ್ಷಿಸಬೇಕೆಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮವಿದೆ, ಮೊದಲ ಪರೀಕ್ಷೆ, ದೃಢೀಕರಣ ಪರೀಕ್ಷೆ ಎಂಬ ಹಂತಗಳಿವೆ. ಕೋಡ್ ಬರೆಯುವವರಿಗೆ ಅದ್ಯಾವುದೂ ಇಲ್ಲ, ಇರುವುದು ಆಫರ್ ಲೆಟರಿನ ಕೆಳಗಿನ ಸಹಿ.

ದೇಹದ ಒಳಗಿನದನ್ನು ಬಲವಂತವಾಗಿ ಹೊರಗೆಳೆಯುವ ಬಗ್ಗೆ ನಮ್ಮ ದೇಶದಲ್ಲಿ ಬಂದ ದೊಡ್ಡ ತೀರ್ಪುಗಳಲ್ಲಿ ಎರಡಕ್ಕೆ ಕರ್ನಾಟಕದ ನಂಟಿದೆ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೊಲೆ ಆರೋಪಿಯನ್ನೂ ಒಪ್ಪಿಗೆ ಕೇಳದೆ ಮಂಪರಿಗೆ ಒಳಪಡಿಸುವಂತಿಲ್ಲ ಎನ್ನುವ ನಾಡಿನಲ್ಲಿ, ತಪ್ಪೇ ಮಾಡದ ಇಪ್ಪತ್ತೆರಡರ ಹುಡುಗಿ ಚಿಲಕವಿಲ್ಲದ ಟಾಯ್ಲೆಟ್ಟಿಗೆ ಹೋಗಬೇಕು. ಒಪ್ಪಿಗೆ ಇದೆಯಲ್ಲ ಅನ್ನುತ್ತಾರೆ. ಸಾಲ ಮಾಡಿ ಓದಿಸಿದ ಮನೆಯ ಮಗು ಆ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದು ಹೇಳುವುದಾದರೂ ಹೇಗೆ?

ಇನ್ನೊಂದು ಕಡೆಯವರ ಮಾತು

ಈ ವಿಷಯ ಆಫೀಸಿನಲ್ಲಿ ಎತ್ತಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಬಲವಾಗಿ ವಿರೋಧಿಸಿದರು. ಅವರ ಅಣ್ಣನ ಮಗ ಮಾದಕ ವಸ್ತುವಿಗೆ ಬಿದ್ದು ಬದುಕು ಹಾಳು ಮಾಡಿಕೊಂಡವನು. 'ಮೊದಲ ಕೆಲಸದಲ್ಲೇ ಯಾರಾದರೂ ಹಿಡಿದು ನಿಲ್ಲಿಸಿದ್ದರೆ ಉಳೀತಿದ್ನೋ ಏನೋ' ಎಂದರು. ಆ ನೋವಿನ ಮುಂದೆ ಯಾವ ಅಂಕಿ ಅಂಶ ಇಡಲಿ? ಅಧ್ಯಯನಗಳೂ ಒಂದೇ ಕಡೆಗೆ ವಾಲುವುದಿಲ್ಲ. ಬಾಸ್ಟನ್ನಿನ ಅಂಚೆ ನೌಕರರ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲಸಕ್ಕೆ ಸೇರುವಾಗ ಗಾಂಜಾ ಪಾಸಿಟಿವ್ ಇದ್ದವರಿಗೆ ಉಳಿದವರಿಗಿಂತ ಶೇ. 55ರಷ್ಟು ಹೆಚ್ಚು ಅಪಘಾತಗಳಾದವು. ಅದು ಸಣ್ಣ ಸಂಖ್ಯೆಯಲ್ಲ. ಆದರೆ ಪರೀಕ್ಷೆಯ ಪರ ಆವರೆಗೆ ಹೇಳುತ್ತಿದ್ದ ಭಾರೀ ಅಂಕಿಗಳಿಗೆ ಹೋಲಿಸಿದರೆ ಬಹಳ ಕಡಿಮೆ. 1994ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ಎಲ್ಲ ಅಧ್ಯಯನಗಳನ್ನೂ ತೂಗಿ ನೋಡಿ, ಪರೀಕ್ಷೆಯ ಭಯದಿಂದ ಜನ ಮಾದಕ ವಸ್ತು ಬಿಡುತ್ತಾರೆ ಅನ್ನಲು ಗಟ್ಟಿ ಆಧಾರ ಸಾಲದು ಎಂದಿತು.

ನನ್ನ ನಿಲುವನ್ನು ಅಲುಗಾಡಿಸಿದ್ದು ಬೇರೊಂದು. ಅಬಿಗೇಲ್ ವೋಜ್ನಿಯಾಕ್ ಎಂಬ ಅರ್ಥಶಾಸ್ತ್ರಜ್ಞೆ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರೀಕ್ಷೆಗೆ ಅನುಕೂಲವಾದ ಕಾನೂನು ಬಂದ ರಾಜ್ಯಗಳಲ್ಲಿ ಪರೀಕ್ಷೆ ನಡೆಸುವ ಉದ್ಯಮಗಳಲ್ಲಿ ಕಪ್ಪು ಜನರಿಗೆ ಕೆಲಸ ಸಿಗುವುದು ಹೆಚ್ಚಾಯಿತು. ಪರೀಕ್ಷೆ ಇಲ್ಲದಾಗ ಮಾಲೀಕ ಮುಖ ನೋಡಿ ಊಹೆ ಮಾಡುತ್ತಾನೆ, ಆ ಊಹೆ ಯಾರ ವಿರುದ್ಧ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮಲ್ಲೂ ಈಶಾನ್ಯ ರಾಜ್ಯದ ಹುಡುಗರನ್ನು, ಆಫ್ರಿಕಾದ ವಿದ್ಯಾರ್ಥಿಗಳನ್ನು ನೋಡಿದ ಕೂಡಲೇ ಡ್ರಗ್ಸ್ ಎಂದು ಪಿಸುಗುಡುವವರಿದ್ದಾರೆ. ಬೆಂಗಳೂರಿನಲ್ಲಿ ಅಂಥವರಿಗೆ ಒಂದು ಹಸಿರು ವರದಿ ಕವಚವಾಗಬಹುದು. ಆದರೆ ಸುಮ್ಮನೆ ಬಂದ ಅನುಮಾನವನ್ನು ಕಳೆಯಲು ಅವರೇ ಯಾಕೆ ದೇಹ ತೆರೆದು ತೋರಿಸಬೇಕು ಅನ್ನುವುದು ಬಗೆಹರಿಯುವುದಿಲ್ಲ. ಅಲ್ಲದೆ ಆ ಕವಚಕ್ಕೆ ಬೆಲೆ ಬರುವುದು ಪರೀಕ್ಷೆ ನ್ಯಾಯವಾಗಿದ್ದರೆ ಮಾತ್ರ.

ಇತ್ತ ಅಮೆರಿಕವೇ ಹಿಂದೆ ಸರಿಯುತ್ತಿದೆ. ನ್ಯೂಯಾರ್ಕ್ ನಗರ 2020ರ ಮೇ ತಿಂಗಳಿಂದ, ಕೆಲವು ಹುದ್ದೆಗಳನ್ನು ಬಿಟ್ಟು, ಕೆಲಸಕ್ಕೆ ಸೇರುವವರನ್ನು ಗಾಂಜಾಕ್ಕಾಗಿ ಪರೀಕ್ಷಿಸುವುದನ್ನು ನಿಷೇಧಿಸಿದೆ. ಕ್ಯಾಲಿಫೋರ್ನಿಯಾ 2024ರ ಜನವರಿಯಿಂದ, ಅಮಲಿಲ್ಲದ ಬರೀ ಅವಶೇಷ ಸಿಕ್ಕಿತೆಂದು ಹೆಚ್ಚಿನ ಕೆಲಸಗಳಿಂದ ಯಾರನ್ನೂ ದೂರ ಇಡುವಂತಿಲ್ಲ ಅನ್ನುತ್ತಿದೆ. ನಮ್ಮಲ್ಲಿ ಗಾಂಜಾ ಅಪರಾಧ, ಅದು ಬೇರೆ. ಆದರೂ ಒಂದೇ ಪ್ರೋಗ್ರಾಮಿನ ಅರ್ಧ ಬರೆಯುವ ಮ್ಯಾನ್‌ಹಟನ್ನಿನವರನ್ನು ಕೇಳಬಾರದ ಪ್ರಶ್ನೆಯನ್ನು ಉಳಿದರ್ಧ ಬರೆಯುವ ಬೆಂಗಳೂರಿನವರನ್ನು ಕೇಳುತ್ತಿದ್ದಾರೆ.

ನಮ್ಮ ಪ್ರಾಜೆಕ್ಟಿನಲ್ಲಿ ಆದ ಅತಿ ದೊಡ್ಡ ಅನಾಹುತ ಬೆಳಗಿನ ಜಾವ ಮೂರರ ಸುಮಾರಿಗೆ ನಡೆಯಿತು. ಸತತ ರಾತ್ರಿ ಪಾಳಿ ಮಾಡುತ್ತಿದ್ದ ಹುಡುಗನೊಬ್ಬ ಟೆಸ್ಟ್ ಸರ್ವರ್ ಎಂದುಕೊಂಡು ಪ್ರೊಡಕ್ಷನ್ನಿನ, ಅಂದರೆ ನಿಜವಾಗಿ ಬಳಕೆಯಲ್ಲಿರುವ ಸರ್ವರಿನ, ಡೇಟಾ ಅಳಿಸಿದ. ಅವನ ವರದಿ ಹಸಿರೇ. ಚಹಾ ಬಿಟ್ಟು ಬೇರೆ ಚಟವಿಲ್ಲದವನು. ಮಾವ ಹೇಳಿದ ಮಾತು ಆಗ ಸರಿಯಾಗಿ ನಾಟಿತು. ನಿದ್ದೆಯನ್ನು ಅಳೆಯಲು ಹೊರಟರೆ ಪ್ರಶ್ನೆ ನೌಕರನಿಂದ ಮಾಲೀಕನ ಕಡೆಗೆ ತಿರುಗುತ್ತದೆ, ಪಾಳಿ ಹಾಕಿದವರು ಯಾರು, ಜನ ಸಾಲದಿದ್ದರೂ ಕೆಲಸ ಒಪ್ಪಿಕೊಂಡವರು ಯಾರು ಎಂದು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ ನಿಯಮವನ್ನು ಡಿಜಿಸಿಎ 2024ರ ಜನವರಿಯಲ್ಲಿ ಪ್ರಕಟಿಸಿದಾಗ ವಿಮಾನ ಸಂಸ್ಥೆಗಳು ಜಾರಿ ಮುಂದೂಡಿ ಎಂದು ದುಂಬಾಲು ಬಿದ್ದದ್ದನ್ನು ನೋಡಿದ್ದೇವೆ. ಡ್ರಗ್ ಟೆಸ್ಟ್ ನಿಯಮಕ್ಕೆ ಅಂಥ ಪ್ರತಿರೋಧ ಅವರಿಂದ ಬಂದದ್ದು ನನಗೆ ನೆನಪಿಲ್ಲ.

ನಾನು ಗೆರೆ ಎಳೆಯುವುದು ಹೀಗೆ. ಒಂದು ಕ್ಷಣದ ಮೈಮರೆವು ಇನ್ನೊಬ್ಬರ ಜೀವ ತೆಗೆಯುವ ಕೆಲಸವಿದ್ದಲ್ಲಿ, ರೈಲು, ವಿಮಾನ, ಬಸ್ಸು, ಕ್ರೇನು, ಅಲ್ಲಿ ಪರೀಕ್ಷೆ ಇರಲಿ, ಸಾಧ್ಯವಾದ ಮಟ್ಟಿಗೆ ಆ ಕ್ಷಣದ ಸ್ಥಿತಿಯನ್ನೇ ಹೇಳುವ ಪರೀಕ್ಷೆ ಇರಲಿ. ಅಪಘಾತವಾದ ಮೇಲೆ ಇರಲಿ. ಮಿಕ್ಕ ಕಡೆ ಬೇಡ. ಆಸ್ಪತ್ರೆಯಲ್ಲಿ ಮಾರ್ಫಿನ್ ಕಪಾಟಿನ ಬೀಗ ಇಟ್ಟುಕೊಂಡಿರುವ ನರ್ಸ್‌ಗಳು, ಫಾರ್ಮಸಿಸ್ಟ್‌ಗಳ ವಿಷಯದಲ್ಲಿ ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಅಲ್ಲಿ ಅಪಾಯವೂ ಇದೆ, ಪ್ರಲೋಭನೆಯೂ ಇದೆ, ಸಿಕ್ಕಿಬಿದ್ದವರಿಗೆ ಶಿಕ್ಷೆಗಿಂತ ಮೊದಲು ಚಿಕಿತ್ಸೆಯ ದಾರಿ ಇರಬೇಕು.

ಈ ಸಲ ಒಪ್ಪಂದ ನವೀಕರಣದ ಹೊತ್ತಿಗೆ ಕ್ಲೈಂಟಿನ ಮುಂದೆ ನಾಲ್ಕು ಮಾತು ಇಟ್ಟೆ. ಸ್ಯಾಂಪಲನ್ನು ಎರಡು ಬಾಟಲಿಯಲ್ಲಿ ತೆಗೆದುಕೊಂಡು ಒಂದನ್ನು ಕಾದಿಡಬೇಕು. ಓಪಿಯೇಟ್ಸ್ ಮಿತಿ 2000 ಎಂದು ಲ್ಯಾಬಿನ ಜೊತೆಗಿನ ಕಾಗದದಲ್ಲೇ ಬರೆಯಬೇಕು. ವರದಿ ನಮ್ಮ ಕೈಗೆ ಬರುವ ಮುಂಚೆ ವೈದ್ಯರೊಬ್ಬರು ಆ ಹುಡುಗ ಹುಡುಗಿಯೊಡನೆ ಅವರ ಭಾಷೆಯಲ್ಲಿ ಮಾತಾಡಬೇಕು. ನಾಲ್ಕನೆಯದು, ಕೋಡ್ ಬರೆಯುವವರಿಗೆ ಈ ಪರೀಕ್ಷೆಯನ್ನೇ ಕೈಬಿಡಬೇಕು. ಮೊದಲ ಮೂರಕ್ಕೆ ಹೆಚ್ಚು ಚರ್ಚೆಯಿಲ್ಲದೆ ಒಪ್ಪಿದರು. ಈವರೆಗೆ ಯಾರೂ ಕೇಳಿರಲೇ ಇಲ್ಲವಂತೆ. ನಾಲ್ಕನೆಯದು ಅವರ ಲೀಗಲ್ ವಿಭಾಗದಲ್ಲಿ ಕೂತಿದೆ. ಈ ಷರತ್ತು ಯಾವ ಕಾನೂನಿನ ಯಾವ ಕಲಮಿನ ಪ್ರಕಾರ ಬಂತು ಎಂದು ಲಿಖಿತವಾಗಿ ಕೇಳಿದ್ದೇನೆ, ಉತ್ತರ ಬಂದಿಲ್ಲ. ನಿಮ್ಮ ಕಂಪನಿಯಲ್ಲಿ ಒಪ್ಪಂದದ ಕಾಗದ ನೋಡುವ ಸ್ಥಾನದಲ್ಲಿ ನೀವಿದ್ದರೆ, ಅದೇ ಪ್ರಶ್ನೆಯನ್ನು ನೀವೂ ಲಿಖಿತವಾಗಿ ಕೇಳಿ.